ಕೋಟೆಗೆ ಬೆಂಕಿ ಬಿದ್ದಿದೆ, ತಾಳಿ

ಟೆಲ್ಮೊ ಹಡಗಿಗೆ ಹೋಗುವ ಮುನ್ನ
ಈ ಕಪ್ಪು ಪೆಟ್ಟಿಗೆ ತಂದಿಟ್ಟು ಹೇಳಿದ್ದ:
‘ದೂಳು ಕೂರದ ಹಾಗೆ ನೋಡಿಕೋ, ಚಿಕ್ಕಮ್ಮ.’
ಒರೆಸುತ್ತ ಒರೆಸುತ್ತ ಒಂದು ಭಾನುವಾರ
ಗುಂಡಿ ಒತ್ತಿದೆ.

ಒಂದು ಕಣಿವೆ ಬಂದು
ನನ್ನ ಸೋಫಾದೆದುರು ನಿಂತಿತು.

ಹುಲ್ಲು. ಹುಲ್ಲೆಂದರೆ ಬಳಿದ ಹಸಿರಲ್ಲ,
ಗಾಳಿ ಬಂದರೆ ಎಸಳೆಸಳೂ ತನ್ನ ಪಾಡಿಗೆ ಬಾಗಿ
ಏಳುವಾಗ ಚೂರು ಮೈಗಳ್ಳತನ ಮಾಡುವ ಹುಲ್ಲು.
ಹಳ್ಳದ ತಳದಲ್ಲಿ ಕಲ್ಲು,
ಕಲ್ಲಿನ ಮೇಲೆ ಅಲುಗುವ ಬಿಸಿಲಿನ ಬಲೆ.
ಕಾಫಿ ಆರಿತು. ಒಲೆಯ ಮೇಲಿನ ಕಡಲೆ ಸೀದಿತು.
ಕೆಳಗೆ ಬೊನ್‌ಫಿಂ ಬೀದಿಯಲ್ಲಿ ಬಸ್ಸು ಹೋದದ್ದನ್ನು
ಆ ಕಣಿವೆಯ ಗುಡುಗು ಅಂದುಕೊಂಡು
ಮರದ ಕೆಳಗೆ ಹೋಗಿ ನಿಂತೆ.

ನಾನೇನು ಆಟಗಾತಿಯಲ್ಲ.
ಎಡ ಹೆಬ್ಬೆರಳು ನಡೆಯಬೇಕು, ಬಲದ್ದು ನೋಡಬೇಕು;
ನನ್ನವು ಎತ್ತು ಏರಿಗೆ, ಕೋಣ ನೀರಿಗೆ.
ಆಕಾಶ ನೋಡುತ್ತ ಗೋಡೆಗೆ ಹಾಯ್ದೆ.
ಕತ್ತಿ ಬೀಸಿದ್ದು ಯಾವಾಗಲೋ, ಪಾಪ, ಕೋಳಿಗೆ ತಾಗಿತು.
ಕ್ಷಮಿಸು ಅಂದೆ, ಗಟ್ಟಿಯಾಗಿಯೇ.

ದಂಡನಾಯಕನೊಬ್ಬ ಏದುಸಿರು ಬಿಡುತ್ತ ಓಡಿಬಂದ:
‘ಕೋಟೆಗೆ ಬೆಂಕಿ ಬಿದ್ದಿದೆ! ಉತ್ತರದ ಬಾಗಿಲಿಗೆ ಬನ್ನಿ, ನೀವೇ ಗತಿ!’
ಬಂದೆ, ತಾಳಿ, ಅಂದೆ.
ಅವನ ಹೆಗಲಾಚೆ ಒಂದು ಹಾಳು ಮಠ ಕಂಡಿತ್ತು.
ಗೋಡೆಯ ತುಂಬ ನೀಲಿ.

ಮೂವತ್ತೊಂದು ವರ್ಷ
ಈ ಪೋರ್ಟೊ ಊರಿನ ಇಗರ್ಜಿ, ಮೆಟ್ಟಿಲುಮನೆ, ರೈಲು ನಿಲ್ದಾಣಗಳಲ್ಲಿ
ಬಿದ್ದ ಬಿಲ್ಲೆ ಎತ್ತಿ, ಉಪ್ಪು ತೊಳೆದು,
ಗಾರೆ ಮೆತ್ತಿ ಕೂರಿಸಿದ ಕೈ ಇದು.
ಸುಳ್ಳು ಗೋಡೆ ಗೊತ್ತಾಗಿಬಿಡುತ್ತದೆ:
ಮೂರೇ ಬಿಲ್ಲೆ ಬರೆದು ಮುನ್ನೂರು ಸಲ ಅಂಟಿಸಿರುತ್ತಾರೆ.
ನೋಡೋಣ ಅಂತ ಹತ್ತಿರ ಹೋದೆ.

ಬಿಳಿಯ ಮೆರುಗಿನಲ್ಲಿ ಕೂದಲೆಳೆಯ ಬಿರುಕು,
ಒಂದರಂತೆ ಒಂದಿಲ್ಲ.
ಕೆಳಸಾಲುಗಳಲ್ಲಿ ತೇವ ಏರಿ ನೀಲಿ ಬೆವರಿತ್ತು,
ನಿಜವಾದ ಗೋಡೆ ಬೆವರುವ ಹಾಗೇ, ಮೊಣಕಾಲೆತ್ತರಕ್ಕೆ.
ಒಂದು ಕಡೆ ಹಾವಸೆ. ಎದ್ದುಹೋಗಿ
ಅಂಗಿಯ ತೋಳಿನಿಂದ ಒರೆಸಿದೆ.
ಟಿವಿಯ ಗಾಜು ಕೀಚ್ ಅಂದಿತು.

ಆಮೇಲೆ ಕಂಡದ್ದು.
ನಾಲ್ಕನೆಯ ಸಾಲು, ಕಂಬದ ಮರೆ.
ಅಲ್ಲಿಯವರೆಗೆ ಸಲೀಸಾಗಿ ಹರಿದುಬಂದ ಹೂಬಳ್ಳಿ
ಥಟ್ಟನೆ ಎಡವುತ್ತದೆ.
ಒಂದೇ ಒಂದು ಬಿಲ್ಲೆ
ಕಾಲು ಸುತ್ತು ತಿರುಗಿದೆ.

ಪಕ್ಕದ ಕೋಣೆಗೆ ಓಡಿದೆ, ಅದರಾಚೆಯದಕ್ಕೂ.
ಎಲ್ಲ ಸರಿಯಾಗಿತ್ತು. ಮತ್ತೆ ಬಂದು ನಿಂತೆ.

ಅಬಿಲಿಯು ಮೇಸ್ತ್ರಿ ಹೀಗೆ ಮಾಡುತ್ತಿದ್ದರು.
ಗೋಡೆಗೊಂದು, ಯಾರೂ ಬಗ್ಗಿ ನೋಡದ ಮೂಲೆಯಲ್ಲಿ.
‘ಹೆಸರು ಬರೆಯಲು ಬಿಡುವುದಿಲ್ಲವಲ್ಲ’ ಎಂದು ನಗುತ್ತಿದ್ದರು,
ಹಲ್ಲಿನ ಸಂದಿಯಲ್ಲಿ ಸುಣ್ಣ.
ಹೋದ ವರ್ಷ ಅವರದೊಂದು ಮೆಟ್ಟಿಲುಮನೆಯ ದುರಸ್ತಿ
ನನ್ನ ಪಾಲಿಗೆ ಬಂತು.
ತನಿಖೆಗೆ ಬಂದ ಹುಡುಗ ಬೆರಳು ತೋರಿಸಿದ:
‘ದೋನಾ ಝುಲ್ಮಿರಾ, ಇದು ತಪ್ಪಲ್ಲವೆ?’
ಹೌದು ಅಂದೆ.
ಉಳಿ ಕೊಟ್ಟು ಎಬ್ಬಿಸಿ ನೇರ ಮಾಡಿದೆ.
ಬಿಲ್ಲು ಪಾಸಾಯಿತು.

ಇದನ್ನು ತಿರುಗಿಸಿದವರು ಯಾರೋ,
ಯಾವ ದೇಶದಲ್ಲಿ, ಎಷ್ಟು ಹೊತ್ತಿನಲ್ಲಿ,
ಪಕ್ಕದ ಕುರ್ಚಿಯವರು ಟೀ ಕುಡಿಯಲು ಹೋಗಿದ್ದಾಗಲೋ ಏನೋ.
ಆ ಮಠದ ಬಿಸಿಲು
ಬಿಲ್ಲೆಯಿಂದ ಬಿಲ್ಲೆಗೆ ದಾಟುತ್ತ ಕೆಂಪಾಯಿತು.
ಕಿಟಕಿಯಾಚೆ ನಮ್ಮದೂ ಆಗಿರಬೇಕು, ತಿರುಗಿ ನೋಡಲಿಲ್ಲ.
ಹೊರಗೆ ದಂಡನಾಯಕ ಒಂದೇ ಸಮ ಕೂಗುತ್ತಿದ್ದ.
ಅವನ ಕೋಟೆ ನನಗಾಗಿ
ಸುಡದೆ ಉರಿಯುತ್ತ ಕಾಯುತ್ತಿತ್ತು.

ರಾತ್ರಿ ಟೆಲ್ಮೊನ ಫೋನು, ಎಲ್ಲೋ ಸಮುದ್ರದಿಂದ.
‘ಆಡಿದೆಯಾ! ಎಲ್ಲಿಯವರೆಗೆ ಬಂದೆ? ಕೋಟೆ ಉಳಿಯಿತಾ?’
ಮಠದಲ್ಲಿದ್ದೇನೆ ಅಂದೆ.
‘ಅಲ್ಲೇನಿದೆ? ಅಲ್ಲಿ ಏನೂ ಸಿಗುವುದಿಲ್ಲ, ಚಿಕ್ಕಮ್ಮ.
ದೂಳಾದರೂ ಒರೆಸಿದೆಯಾ?’

ಒರೆಸಿದೆ ಅಂದೆ.